ವಾರ್ಡಿನಿಂದ ಸಂಸತ್ತಿಗೆ: ಮಹಿಳೆಯ ರಾಜಕೀಯ ದಾರಿ ಎಲ್ಲಿ ತುಂಡಾಗುತ್ತದೆ?

1997ರಲ್ಲಿ ಒಡಿಶಾದ ರಾಯರಂಗಪುರದ ನಗರ ಪಂಚಾಯತಿಗೆ ದ್ರೌಪದಿ ಮುರ್ಮು ಕೌನ್ಸಿಲರ್ ಆಗಿ ಆರಿಸಿಬಂದರು. ಅದಕ್ಕೂ ಮೊದಲು ಅವರು ನೀರಾವರಿ ಇಲಾಖೆಯಲ್ಲಿ ಕಿರಿಯ ಸಹಾಯಕಿಯಾಗಿದ್ದರು, ಆಮೇಲೆ ಶಾಲೆಯಲ್ಲಿ ಪಾಠ ಮಾಡಿದರು. 2000ದಲ್ಲಿ ಶಾಸಕಿಯಾಗಿ ರಾಜ್ಯದ ಮಂತ್ರಿಯೂ ಆದರು. 2004ರಲ್ಲಿ ಮತ್ತೆ ಗೆದ್ದರು. 2009ರಲ್ಲಿ ಮಯೂರ್‌ಭಂಜ್‌ನಿಂದ ಲೋಕಸಭೆಗೆ ನಿಂತು ಸೋತರು. 2015ರಲ್ಲಿ ಜಾರ್ಖಂಡ್‌ನ ರಾಜ್ಯಪಾಲರಾದರು, 2022ರ ಜುಲೈ 25ರಂದು ರಾಷ್ಟ್ರಪತಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು. ವಾರ್ಡಿನಿಂದ ಹೊರಟು ದೇಶದ ಅತ್ಯುನ್ನತ ಹುದ್ದೆಗೆ ತಲುಪಿದ ಈ ಪಯಣದಲ್ಲಿ ಲೋಕಸಭೆ ಮಾತ್ರ ಇಲ್ಲ. ಆ ಒಂದು ಮೆಟ್ಟಿಲು ಸಿಗದೇ ಹೋಗುವುದು ಅವರೊಬ್ಬರ ವಿಷಯದಲ್ಲಿ ಮಾತ್ರ ಆಗಿದ್ದಲ್ಲ.

ಕರ್ನಾಟಕದ ಅಂಕಿಗಳನ್ನೇ ನೋಡಿ. ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಗೆದ್ದ ಮಹಿಳೆಯರು 10. 2024ರ ಲೋಕಸಭಾ ಚುನಾವಣೆಯಲ್ಲಿ 28ರಲ್ಲಿ 3. ಇಡೀ ದೇಶದಲ್ಲಿ 543ರಲ್ಲಿ 74. ಕೆಳಗೆ ಎರಡರಲ್ಲಿ ಒಬ್ಬಳು, ವಿಧಾನಸಭೆಗೆ ಬರುವಷ್ಟರಲ್ಲಿ ಇಪ್ಪತ್ತೆರಡು ಸ್ಥಾನಕ್ಕೊಬ್ಬಳು. ಇಷ್ಟು ಜನ ನಡುದಾರಿಯಲ್ಲಿ ಎಲ್ಲಿ ಉಳಿದುಹೋಗುತ್ತಾರೆ ಎಂದು ಕೇಳಿದರೆ ‘ಹೆಣ್ಣುಮಕ್ಕಳಿಗೆ ಆಸಕ್ತಿ ಕಡಿಮೆ’ ಎಂಬ ಉತ್ತರ ಸಲೀಸಾಗಿ ಬರುತ್ತದೆ. ಅದು ಸುಳ್ಳು. ದಾರಿ ತುಂಡಾಗುವ ಜಾಗಗಳನ್ನು ಬೆರಳಿಟ್ಟು ತೋರಿಸಬಹುದು.

ಪಂಚಾಯಿತಿ: ಡಾಂಗಲ್ ಯಾರ ಜೇಬಿನಲ್ಲಿದೆ?

ಮಹಿಳಾ ಮೀಸಲಾತಿಯಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಕೊಟ್ಟಿತ್ತು. 1987ರಲ್ಲಿ ಅದರಡಿ ಚುನಾವಣೆಯೂ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ಕ್ಕೆ. ಅದು ದೇಶದಾದ್ಯಂತ ಕನಿಷ್ಠ ಮೂರನೇ ಒಂದು ಭಾಗವನ್ನು ಕಡ್ಡಾಯ ಮಾಡಿತು, ಅಧ್ಯಕ್ಷ ಸ್ಥಾನಗಳಲ್ಲೂ ಕೂಡ. 2010ರಲ್ಲಿ ಕರ್ನಾಟಕ ಅದನ್ನು ಶೇ 50ಕ್ಕೆ ಏರಿಸಿತು.

ಗ್ರಾಮ ಪಂಚಾಯಿತಿಯಲ್ಲಿ ಪ್ರತಿ 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಸ್ಪರ್ಧಿಸಲು 21 ವರ್ಷ ಸಾಕು. ಅಧ್ಯಕ್ಷರ ಅವಧಿ 30 ತಿಂಗಳು. ಹಣ ಪಾವತಿಗೆ ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಬ್ಬರ ಒಪ್ಪಿಗೆಯೂ ಬೇಕು. ಈಗ ಆ ಒಪ್ಪಿಗೆ ಡಿಜಿಟಲ್ ಸಹಿಯ ರೂಪದಲ್ಲಿರುತ್ತದೆ: ಕಿರುಬೆರಳಿನಷ್ಟು ಉದ್ದದ ಡಾಂಗಲ್, ಅದಕ್ಕೊಂದು ಪಿನ್. ಆ ಡಾಂಗಲ್ ಅಧ್ಯಕ್ಷೆಯ ಗಂಡನ ಅಂಗಿ ಜೇಬಿನಲ್ಲೋ, ಪಂಚಾಯಿತಿ ಕಂಪ್ಯೂಟರ್ ಆಪರೇಟರ್‌ನ ಮೇಜಿನ ಡ್ರಾವರ್‌ನಲ್ಲೋ ಇದ್ದರೆ ಆಕೆಯ ರಾಜಕೀಯ ಬದುಕು ಅಲ್ಲಿಗೇ ಮುಗಿಯುವ ಸಾಧ್ಯತೆ ಹೆಚ್ಚು. ಎರಡು ವರ್ಷದ ಮೇಲೆ ಲೆಕ್ಕಪರಿಶೋಧಕರು ಆಗದ ಚರಂಡಿಗೆ ಬಿಲ್ ಪಾವತಿಯಾಗಿದೆ ಎಂದು ಆಕ್ಷೇಪ ಬರೆದಾಗ ಡಾಂಗಲ್ ಯಾರ ಹೆಸರಿನಲ್ಲಿದೆಯೋ ಅವರನ್ನೇ ಕೇಳುತ್ತಾರೆ. ವಸೂಲಾತಿ ನೋಟಿಸ್ ಬರುವುದು ಆಕೆಗೆ. ದುರ್ನಡತೆ ಸಾಬೀತಾದರೆ ಸ್ಥಾನ ಹೋಗುವುದೂ ಆಕೆಯದೇ. ‘ಅವರೇ ನೋಡಿಕೊಳ್ಳುತ್ತಿದ್ದರು’ ಎಂಬ ಉತ್ತರಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ.

ಆದ್ದರಿಂದ ಮೊದಲ ತಿಂಗಳಲ್ಲೇ ಮಾಡಬೇಕಾದ ಕೆಲಸ ಇದು: ಡಾಂಗಲ್ ತಮ್ಮ ಕೈಯಲ್ಲೇ ಇಟ್ಟುಕೊಳ್ಳುವುದು, ಪಿನ್ ತಾವೇ ಬದಲಿಸುವುದು, ಒಟಿಪಿ ಬರುವ ಮೊಬೈಲ್ ಸಂಖ್ಯೆ ತಮ್ಮದೇ ಎಂದು ಖಚಿತಪಡಿಸಿಕೊಳ್ಳುವುದು. ಸಹಿ ಹಾಕುವ ಮುನ್ನ ಕಾಮಗಾರಿ ನಡೆದ ಜಾಗಕ್ಕೆ ಹೋಗಿ ಅಳತೆ ಪುಸ್ತಕದ ಅಂಕಿಯನ್ನು ಕಣ್ಣಾರೆ ಕಂಡದ್ದರ ಜೊತೆ ತಾಳೆ ನೋಡಬೇಕು. ಸಾಮಾನ್ಯ ಸಭೆಯಲ್ಲಿ ಒಪ್ಪದ ನಿರ್ಣಯಕ್ಕೆ ‘ನನ್ನ ವಿರೋಧವಿದೆ’ ಎಂದು ನಡಾವಳಿ ಪುಸ್ತಕದಲ್ಲೇ ಬರೆಸಬೇಕು. ಆ ಒಂದು ಸಾಲು ಮುಂದೆ ಯಾವ ವಕೀಲರಿಗಿಂತ ಹೆಚ್ಚು ಕಾಪಾಡುತ್ತದೆ.

ಇನ್ನೊಂದು ತೊಡಕು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಗೆದ್ದವಳು ಪಕ್ಷದ ‘ಬೆಂಬಲಿತ’ ಸದಸ್ಯೆ ಅಷ್ಟೇ. ಪಕ್ಷದ ಕಾಗದಪತ್ರಗಳಲ್ಲಿ ಆಕೆಯ ಗೆಲುವಿಗೆ ಲೆಕ್ಕವಿಲ್ಲ. ಪಕ್ಷದ ಚಿಹ್ನೆ ಮೊದಲ ಸಲ ಸಿಗುವುದು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಯಲ್ಲಿ. ಬಿ ಫಾರಂಗೆ, ಅಂದರೆ ಪಕ್ಷದ ಅಧಿಕೃತ ಅಭ್ಯರ್ಥಿ ಎಂಬ ಪತ್ರಕ್ಕೆ, ಓಡಾಡುವುದು, ಹತ್ತಾರು ಹಳ್ಳಿಗಳ ಕ್ಷೇತ್ರ ಸುತ್ತುವುದು, ಜಿಲ್ಲಾ ಮಟ್ಟದ ಅಧಿಕಾರಿಗಳೆದುರು ಕೂತು ಪ್ರಶ್ನೆ ಕೇಳುವುದು, ಇದೆಲ್ಲ ಕಲಿಯುವ ಶಾಲೆ ಅದು. ರಾಜ್ಯದಲ್ಲಿ ಆ ಎರಡು ಹಂತಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ಪ್ರಕರಣ ಎಂದು ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಗಂಡಸರಿಗೆ ಇದು ಒಂದು ಅವಕಾಶದ ನಷ್ಟ. ಮಹಿಳೆಯರಿಗೆ ಮೀಸಲಾತಿ ಇರುವ ಕೊನೆಯ ಮೆಟ್ಟಿಲೇ ಇಲ್ಲವಾದಂತೆ. ರಾಜ್ಯದ ಮಹಿಳಾ ರಾಜಕಾರಣಕ್ಕೆ ಇತ್ತೀಚಿನ ವರ್ಷಗಳಲ್ಲಿ ಬಿದ್ದ ಅತಿ ದೊಡ್ಡ ಪೆಟ್ಟು ಇದೇ. ಇದರ ಬಗ್ಗೆ ನಡೆದ ಚರ್ಚೆ ಏನೇನೂ ಸಾಲದು.

ಟಿಕೆಟ್: ‘ಗೆಲ್ಲುವ ಕುದುರೆ’ ಎಂಬ ಮಾತು

ವಿಧಾನಸಭೆ, ಲೋಕಸಭೆಯ ಟಿಕೆಟ್‌ಗೆ ಜಿಲ್ಲೆಯಿಂದ ಹೆಸರು ಹೋಗುತ್ತದೆ, ರಾಜ್ಯ ಚುನಾವಣಾ ಸಮಿತಿ ಸೋಸುತ್ತದೆ, ದೆಹಲಿಯ ಸಮಿತಿ ಅಂತಿಮ ಮಾಡುತ್ತದೆ. ಮೂರೂ ಕಡೆ ಕೇಳುವ ಪ್ರಶ್ನೆ ಒಂದೇ: ಗೆಲ್ಲುತ್ತಾರಾ? ಇದಕ್ಕೆ ಭಾವುಕ ಉತ್ತರ ಕೊಟ್ಟವರು ಪಟ್ಟಿಯಿಂದ ಹೊರಗೆ ಬೀಳುತ್ತಾರೆ. ಅಂಕಿ ಇಟ್ಟವರು ಕೊನೇ ಸುತ್ತಿನವರೆಗಾದರೂ ಉಳಿಯುತ್ತಾರೆ.

ಆ ಅಂಕಿ ಸಿಗುವುದು ಕಷ್ಟವಲ್ಲ. ಪ್ರತಿ ಚುನಾವಣೆಯ ಮತಗಟ್ಟೆವಾರು ಫಲಿತಾಂಶ ‘ಫಾರಂ 20’ರಲ್ಲಿ ಇರುತ್ತದೆ, ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕರ್ನಾಟಕದ ಒಂದು ಲೋಕಸಭಾ ಕ್ಷೇತ್ರವೆಂದರೆ 8 ವಿಧಾನಸಭಾ ಕ್ಷೇತ್ರ, ಸುಮಾರು 2 ಸಾವಿರ ಮತಗಟ್ಟೆ. ಹಿಂದಿನ ಎರಡು ಚುನಾವಣೆಗಳ ಫಾರಂ 20 ಪಕ್ಕಪಕ್ಕ ಇಟ್ಟು ನೋಡಿದರೆ ಪಕ್ಷಕ್ಕೆ ಖಾಯಂ ಬೀಳುವ ಬೂತ್ ಯಾವುದು, ಅಭ್ಯರ್ಥಿ ಬದಲಾದಾಗ ವಾಲುವ ಬೂತ್ ಯಾವುದು ಎಂದು ಗೊತ್ತಾಗುತ್ತದೆ. ಆ ವಾಲುವ ಬೂತ್‌ಗಳಲ್ಲಿ ತನಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವಿರುವ ಐದಾರು ಜನ ಯಾರು, ಅವರಲ್ಲಿ ಎಷ್ಟು ಜನ ಸ್ವಸಹಾಯ ಸಂಘದವರು ಎಂಬ ಪಟ್ಟಿ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಆದರೂ ವಾಸ್ತವ ಮರೆಮಾಚಬೇಕಿಲ್ಲ. 2024ರಲ್ಲಿ ರಾಜ್ಯದಿಂದ ಗೆದ್ದ ಮೂವರಲ್ಲಿ ಚಿಕ್ಕೋಡಿಯ ಪ್ರಿಯಾಂಕಾ ಜಾರಕಿಹೊಳಿ ಮತ್ತು ದಾವಣಗೆರೆಯ ಪ್ರಭಾ ಮಲ್ಲಿಕಾರ್ಜುನ್ ಸಚಿವರ ಕುಟುಂಬದಿಂದ ಬಂದವರು. ಬೆಂಗಳೂರು ಉತ್ತರದ ಶೋಭಾ ಕರಂದ್ಲಾಜೆ ಪಕ್ಷದ ಸಂಘಟನೆಯೊಳಗಿನಿಂದ ಬೆಳೆದವರು: 2004ರಲ್ಲಿ ವಿಧಾನ ಪರಿಷತ್ತು, 2008ರಲ್ಲಿ ಯಶವಂತಪುರದ ಶಾಸಕಿ, ರಾಜ್ಯದಲ್ಲಿ ಸಚಿವೆ, 2014 ಮತ್ತು 2019ರಲ್ಲಿ ಉಡುಪಿ–ಚಿಕ್ಕಮಗಳೂರು. ಮನೆತನದ ಹೆಸರಿದ್ದವರು ಕೆಲಸ ಮಾಡುವುದಿಲ್ಲ ಎಂದು ಹೇಳುವುದು ಅನ್ಯಾಯ. ಆದರೆ ಮನೆತನವೂ ಇಲ್ಲದೆ, ಸಂಘಟನೆಯಲ್ಲಿ ಪದಾಧಿಕಾರವೂ ಇಲ್ಲದೆ ನೇರವಾಗಿ ಟಿಕೆಟ್ ಪಡೆದ ಮಹಿಳೆಯರು ಬಲು ಅಪರೂಪ. ಅದಕ್ಕೇ ಮಹಿಳಾ ಮೋರ್ಚಾ, ಮಹಿಳಾ ಘಟಕಗಳಲ್ಲೇ ಉಳಿದುಬಿಡುವುದು ಅಪಾಯ. ಬ್ಲಾಕ್, ಜಿಲ್ಲಾ ಸಮಿತಿಯ ಪ್ರಧಾನ ಕಾರ್ಯದರ್ಶಿ ಹುದ್ದೆ ಕೇಳಬೇಕು. ಪಟ್ಟಿ ತಯಾರಾಗುವುದು ಆ ಕೋಣೆಯಲ್ಲಿ.

ನಾಮಪತ್ರ: ಖಾಲಿ ಬಿಟ್ಟ ಒಂದು ಕಾಲಂ

ಟಿಕೆಟ್ ಸಿಕ್ಕ ಮೇಲೆ ಕಾಗದದ ಕೆಲಸ. ಲೋಕಸಭೆಗೆ ಫಾರಂ 2ಎ, ವಿಧಾನಸಭೆಗೆ 2ಬಿ, ಎರಡಕ್ಕೂ ಫಾರಂ 26ರ ಅಫಿಡವಿಟ್. ವಯಸ್ಸು 25 ತುಂಬಿರಬೇಕು. ಠೇವಣಿ ಲೋಕಸಭೆಗೆ 25 ಸಾವಿರ ರೂಪಾಯಿ, ವಿಧಾನಸಭೆಗೆ 10 ಸಾವಿರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಮಹಿಳೆಯರಿಗೆಂದು ಪ್ರತ್ಯೇಕ ರಿಯಾಯಿತಿ ಇಲ್ಲ. ಸಲ್ಲಿಕೆ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ. ಒಬ್ಬರು ನಾಲ್ಕು ಸೆಟ್‌ವರೆಗೆ ಸಲ್ಲಿಸಬಹುದು, ಠೇವಣಿ ಒಮ್ಮೆ ಕಟ್ಟಿದರೆ ಸಾಕು. ಚಲಾಯಿತ ಮಾನ್ಯ ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದೇ ಸೋತರೆ ಠೇವಣಿ ಹೋಗುತ್ತದೆ.

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು, ಪಕ್ಷೇತರರಿಗೆ ಕ್ಷೇತ್ರದ 10 ಮತದಾರರು ಬೇಕು. ಎಡವುವುದು ಇಲ್ಲೇ. ಒಬ್ಬ ಸೂಚಕರ ಸಹಿಯೊಂದಿಗೆ ನಾಮಪತ್ರ ಕೊಟ್ಟು, ಬಿ ಫಾರಂ ಕೊನೆಯ ದಿನ ಮೂರು ಗಂಟೆಯೊಳಗೆ ಬರದೇ ಹೋದರೆ ಆ ನಾಮಪತ್ರ ಬಿದ್ದುಹೋಗುತ್ತದೆ. ಹಿಂದಿನದನ್ನು ರದ್ದು ಮಾಡಿದ್ದೇವೆ ಎಂದು ಬರೆದ ಹೊಸ ಬಿ ಫಾರಂ ಬೇರೆಯವರ ಕೈಯಲ್ಲಿ ಅದೇ ಗಡುವಿನೊಳಗೆ ಬಂದರೂ ಅಷ್ಟೇ. ಬಿ ಫಾರಂನಲ್ಲಿ ಸಹಿ ಶಾಯಿಯದ್ದೇ ಆಗಿರಬೇಕು. ನಕಲು ಪ್ರತಿ ನಡೆಯುವುದಿಲ್ಲ. ಅನುಭವಸ್ಥರು ನಾಲ್ಕರಲ್ಲಿ ಒಂದು ಸೆಟ್‌ಗೆ 10 ಸೂಚಕರ ಸಹಿ ಹಾಕಿಸಿಡುವುದು ಈ ಕಾರಣಕ್ಕೆ. ಪಕ್ಷ ಕೈಕೊಟ್ಟರೂ ಕಣದಲ್ಲಿ ಉಳಿಯುವ ದಾರಿ ಅದು.

ಅಫಿಡವಿಟ್‌ನಲ್ಲಿ ತನ್ನದು, ಗಂಡನದು, ಅವಿಭಕ್ತ ಕುಟುಂಬದ್ದು, ಅವಲಂಬಿತರದು ಎಂದು ಆಸ್ತಿ, ಸಾಲದ ಕಾಲಂಗಳಿರುತ್ತವೆ. ಐದು ವರ್ಷದ ಆದಾಯ ತೆರಿಗೆ ವಿವರ, ಕ್ರಿಮಿನಲ್ ಪ್ರಕರಣ, ವಿದ್ಯಾರ್ಹತೆ ಕೂಡ. ಒಂದು ಕಾಲಂ ಕೂಡ ಖಾಲಿ ಬಿಡುವಂತಿಲ್ಲ. ಇಲ್ಲದ್ದಕ್ಕೆ ‘ಇಲ್ಲ’, ‘ಶೂನ್ಯ’, ‘ಅನ್ವಯಿಸುವುದಿಲ್ಲ’ ಎಂದು ಬರೆಯಲೇಬೇಕು. 2013ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ: ಚುನಾವಣಾಧಿಕಾರಿ ನೋಟಿಸ್ ಕೊಟ್ಟ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು. ಗಂಡನ ಸಾಲ, ಪಾಲುದಾರಿಕೆ, ಜಮೀನಿನ ವಿವರ ಹೆಂಡತಿಗೆ ಗೊತ್ತಿಲ್ಲದ ಮನೆಗಳು ಬಹಳ. ಹಿಂದಿನ ರಾತ್ರಿ ಕೇಳಿದರೆ ಸಿಗುವುದೂ ಇಲ್ಲ. ಪಹಣಿ, ಬ್ಯಾಂಕ್ ಸಾಲದ ಪತ್ರ, ವಿಮೆ, ಚಿನ್ನದ ತೂಕ, ಎಲ್ಲವನ್ನೂ ಎರಡು ತಿಂಗಳು ಮುಂಚೆಯೇ ಒಂದು ಫೈಲಿನಲ್ಲಿ ಸೇರಿಸಿಡಬೇಕು.

ಹೆಸರಿನ ಗೊಂದಲ ಮದುವೆಯಾದ ಹೆಣ್ಣುಮಕ್ಕಳಿಗೆ ಮೀಸಲಾದ ಸಂಕಟ. ಮತದಾರರ ಪಟ್ಟಿಯಲ್ಲಿ ಗಂಡನ ಹೆಸರು ಸೇರಿದ ರೂಪ, ಪ್ಯಾನ್‌ನಲ್ಲಿ ತಂದೆಯ ಇನಿಷಿಯಲ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮತ್ತೊಂದು. ಅಕ್ಷರ ದೋಷಕ್ಕೆಲ್ಲ ನಾಮಪತ್ರ ತಿರಸ್ಕರಿಸುವಂತಿಲ್ಲ, ನಿಜ. ಆದರೆ ಪರಿಶೀಲನೆಯ ದಿನ ಎದುರಾಳಿಯ ವಕೀಲರು ಆಕ್ಷೇಪ ಎತ್ತಲು ಇಷ್ಟೇ ಸಾಕು. ಮೀಸಲು ಕ್ಷೇತ್ರವಾದರೆ ಇನ್ನೂ ಮುಖ್ಯವಾದದ್ದೊಂದಿದೆ: ಜಾತಿ ಹುಟ್ಟಿನಿಂದ ಬರುವುದು, ಮದುವೆಯಿಂದ ಅಲ್ಲ. ಪ್ರಮಾಣಪತ್ರ ತವರಿನ ದಾಖಲೆಯ ಆಧಾರದ ಮೇಲಿರಬೇಕು. ಪರಿಶಿಷ್ಟ ಜಾತಿಯವರನ್ನು ಮದುವೆಯಾದ ಮಾತ್ರಕ್ಕೆ ಬೇರೆ ಜಾತಿಯಲ್ಲಿ ಹುಟ್ಟಿದವರು ಆ ಮೀಸಲು ಕ್ಷೇತ್ರಕ್ಕೆ ಅರ್ಹರಾಗುವುದಿಲ್ಲ. ಗೆದ್ದ ಮೇಲೆ ಹೈಕೋರ್ಟಿನಲ್ಲಿ ಸೀಟು ಕಳೆದುಕೊಳ್ಳುವುದಕ್ಕಿಂತ ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಪ್ರಮಾಣ ವಚನವನ್ನೂ ಮರೆಯಬಾರದು. ನಾಮಪತ್ರ ಕೊಟ್ಟ ಮೇಲೆ, ಪರಿಶೀಲನೆಯ ದಿನಕ್ಕೆ ಮುಂಚೆ, ಚುನಾವಣಾಧಿಕಾರಿ ಎದುರು ಅದನ್ನು ಓದಿ ಸಹಿ ಮಾಡಬೇಕು.

ಬಿಳಿ, ಗುಲಾಬಿ, ಹಳದಿ ಹಾಳೆ

ಖರ್ಚಿನ ಮಿತಿ 2022ರಿಂದ ದೊಡ್ಡ ರಾಜ್ಯಗಳಲ್ಲಿ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ. 95 ಲಕ್ಷವನ್ನು 2 ಸಾವಿರ ಬೂತ್‌ಗಳಿಗೆ ಹಂಚಿದರೆ ಒಂದು ಬೂತ್‌ಗೆ 5 ಸಾವಿರ ರೂಪಾಯಿಯೂ ಬರುವುದಿಲ್ಲ. ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ಹಾಗಾಗಿ ಪಕ್ಷದ ಹಣ, ವಾಹನ, ತಾರಾ ಪ್ರಚಾರಕರ ದಿನಾಂಕ ಯಾರಿಗೆ ಸಿಗುತ್ತದೆ ಎಂಬುದೇ ಎಷ್ಟೋ ಬಾರಿ ಫಲಿತಾಂಶವನ್ನು ತೀರ್ಮಾನಿಸುತ್ತದೆ. ಟಿಕೆಟ್ ಕೊಟ್ಟು ಕೈಬಿಟ್ಟ ಮಹಿಳಾ ಅಭ್ಯರ್ಥಿಗಳು ಸೋಲುವುದು ಹೀಗೆ. ಆಮೇಲೆ ‘ಟಿಕೆಟ್ ಕೊಟ್ಟೆವು, ಗೆಲ್ಲಲಿಲ್ಲ’ ಎಂಬ ಮಾತು ಮುಂದಿನ ಐದು ವರ್ಷ ಎಲ್ಲ ಮಹಿಳೆಯರ ವಿರುದ್ಧ ಬಳಕೆಯಾಗುತ್ತದೆ.

ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ನಾಮಪತ್ರ ಸಲ್ಲಿಸುವ ಹಿಂದಿನ ದಿನದೊಳಗೆ ತೆರೆಯಬೇಕು, ಖರ್ಚೆಲ್ಲ ಅದರಿಂದಲೇ. ಆಯೋಗ ಕೊಡುವ ರಿಜಿಸ್ಟರಿನಲ್ಲಿ ಮೂರು ಭಾಗ: ದಿನವಹಿ ಲೆಕ್ಕಕ್ಕೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಪ್ರಚಾರದ ಅವಧಿಯಲ್ಲಿ ಮೂರು ಸಲ ವೆಚ್ಚ ವೀಕ್ಷಕರಿಗೆ ತೋರಿಸಬೇಕು. ತಾರಾ ಪ್ರಚಾರಕರ ಓಡಾಟದ ಖರ್ಚು ಪಕ್ಷದ್ದು. ಆದರೆ ಅವರ ಜೊತೆ ಅಭ್ಯರ್ಥಿ ವೇದಿಕೆ ಏರಿದರೆ ಆ ಸಭೆಯ ಖರ್ಚಿನ ಪಾಲು ಅಭ್ಯರ್ಥಿಯ ಲೆಕ್ಕಕ್ಕೆ ಬೀಳುತ್ತದೆ. ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿಗೆ ಸೇರಬೇಕು. ಸೋತವರು ಬೇಸರದಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. ಆಯೋಗ ಅದಕ್ಕಾಗಿ ಮೂರು ವರ್ಷ ಅನರ್ಹಗೊಳಿಸಬಹುದು. ಒಂದು ಸೋಲು ಎರಡಾಗುವುದು ಬೇಡ.

ಪಕ್ಕದ ಬಾಗಿಲು

ಲೋಕಸಭೆಯ ಮೆಟ್ಟಿಲು ಇಷ್ಟು ಕಡಿದಾಗಿರುವಾಗ ರಾಷ್ಟ್ರ ರಾಜಕಾರಣದ ಹಲವು ಮಹಿಳೆಯರು ರಾಜ್ಯಸಭೆಯಿಂದ ಬಂದಿದ್ದಾರೆ. ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ 1974ರಿಂದ 1998ರವರೆಗೆ ಸತತ ನಾಲ್ಕು ಅವಧಿ, ಅಂದರೆ 24 ವರ್ಷ, ರಾಜ್ಯಸಭೆಯಲ್ಲಿದ್ದರು. ಯುವಜನ, ಕ್ರೀಡೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆ, ಮುಂದೆ ಸಿಬ್ಬಂದಿ ಖಾತೆಯ ರಾಜ್ಯ ಸಚಿವೆಯಾದರು. 1999ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಗೆದ್ದರು, 2004ರಲ್ಲಿ ಸೋತರು. 2009ರಲ್ಲಿ ಉತ್ತರಾಖಂಡದ, ನಂತರ ರಾಜಸ್ಥಾನದ ರಾಜ್ಯಪಾಲರಾದರು. 2022ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ಸ್ಪರ್ಧಿಸಿ 182 ಮತ ಪಡೆದು ಸೋತರು. ಸುಮಾರು ಅರ್ಧ ಶತಮಾನದ ಈ ಬದುಕಿನಲ್ಲಿ ಜನರ ನೇರ ಮತದಿಂದ ಬಂದ ಅವಧಿ ಐದೇ ವರ್ಷ.

ರಾಜ್ಯಸಭೆಗೆ 30 ವರ್ಷ ತುಂಬಿರಬೇಕು, ಅವಧಿ ಆರು ವರ್ಷ, ಮತ ಹಾಕುವವರು ಶಾಸಕರು. ಕರ್ನಾಟಕಕ್ಕೆ 12 ಸ್ಥಾನ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಖಾಲಿಯಾಗುತ್ತದೆ. 4 ಸ್ಥಾನಕ್ಕೆ 224 ಶಾಸಕರು ಮತ ಹಾಕಿದರೆ ಗೆಲ್ಲಲು ಸುಮಾರು 45 ಪ್ರಥಮ ಪ್ರಾಶಸ್ತ್ಯದ ಮತ ಬೇಕು. 2003ರ ತಿದ್ದುಪಡಿಯ ನಂತರ ಅದೇ ರಾಜ್ಯದ ಮತದಾರರಾಗಿರಬೇಕೆಂಬ ನಿಯಮ ಇಲ್ಲ. ಮಧುರೈನಲ್ಲಿ ಹುಟ್ಟಿದ ನಿರ್ಮಲಾ ಸೀತಾರಾಮನ್ 2014ರಲ್ಲಿ ಆಂಧ್ರಪ್ರದೇಶದಿಂದ, 2016ರಿಂದ ಕರ್ನಾಟಕದಿಂದ ರಾಜ್ಯಸಭೆಗೆ ಬಂದು, ರಕ್ಷಣೆ ಮತ್ತು ಹಣಕಾಸು ಖಾತೆ ಹಿಡಿದದ್ದು ಹೀಗೆ. ಈ ಬಾಗಿಲಿನ ಅನುಕೂಲವೂ ಅಪಾಯವೂ ಒಂದೇ: ಪಕ್ಷದ ನಾಯಕತ್ವ ಒಪ್ಪಿದರೆ ಸಾಕು, ಅದು ಒಲ್ಲೆ ಎಂದರೆ ಜನರ ಬಳಿ ಹೋಗಿ ಕೇಳುವಂತಿಲ್ಲ.

ಒಳಗೆ ಹೋದ ಮೇಲೆ

ಸಂಸದೆಯಾದವರ ಮೊದಲ ಆಯುಧ ಪ್ರಶ್ನೆ. ಕನಿಷ್ಠ 15 ಪೂರ್ಣ ದಿನ ಮುಂಚೆ ನೋಟಿಸ್ ಕೊಡಬೇಕು. ಲೋಕಸಭೆಯಲ್ಲಿ ದಿನಕ್ಕೆ ಸದನದಲ್ಲಿ ಬಾಯಿಮಾತಿನ ಉತ್ತರ ಬಯಸುವ ‘ಚುಕ್ಕೆ ಗುರುತಿನ’ ಪ್ರಶ್ನೆ 20, ಲಿಖಿತ ಉತ್ತರದ ‘ಚುಕ್ಕೆ ಗುರುತಿಲ್ಲದ’ ಪ್ರಶ್ನೆ 230. ಯಾರ ಸರದಿ ಎಂದು ಲಾಟರಿಯಲ್ಲಿ ತೀರ್ಮಾನ. ಒಂದು ಗಂಟೆಯ ಪ್ರಶ್ನೋತ್ತರ ವೇಳೆಯಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಮೊದಲ ಕೆಲವಕ್ಕೆ ಮಾತ್ರ. ಚುಕ್ಕೆ ಗುರುತಿಲ್ಲದ ಪ್ರಶ್ನೆ ಕೀಳು ಎಂದು ಭಾವಿಸುವುದು ಹೊಸಬರ ತಪ್ಪು. ಅದಕ್ಕೆ ಸಿಗುವುದು ಜಿಲ್ಲಾವಾರು ಅಂಕಿ ಸಮೇತ ಲಿಖಿತ ಉತ್ತರ, ಮತ್ತು ಆ ಉತ್ತರಕ್ಕೆ ಸಚಿವರು ಹೊಣೆ. ‘ಯೋಜನೆ ಯಾವ ಹಂತದಲ್ಲಿದೆ?’ ಎಂದು ಕೇಳಿದರೆ ‘ಪ್ರಗತಿಯಲ್ಲಿದೆ’ ಎಂದು ಬರುತ್ತದೆ. ‘ಈ ಜಿಲ್ಲೆಗೆ ಎಷ್ಟು ಹಣ ಬಿಡುಗಡೆಯಾಯಿತು, ಎಷ್ಟು ಖರ್ಚಾಯಿತು, ಬಳಕೆ ಪ್ರಮಾಣಪತ್ರ ಯಾವ ದಿನಾಂಕದ್ದು?’ ಎಂದು ಕೇಳಿದರೆ ಅಂಕಿಯೇ ಬರಬೇಕು.

ಎರಡನೆಯದು ಸ್ಥಾಯಿ ಸಮಿತಿ. ಇಲಾಖಾವಾರು 24 ಸಮಿತಿಗಳಿವೆ. ಪ್ರತಿಯೊಂದರಲ್ಲೂ 21 ಲೋಕಸಭೆ, 10 ರಾಜ್ಯಸಭೆ ಸದಸ್ಯರು. ಮಹಿಳಾ ಸಬಲೀಕರಣಕ್ಕೆ ಬೇರೆಯೇ ಜಂಟಿ ಸಮಿತಿ ಇದೆ. ಸಂಸದೆಯರನ್ನು ತಾನಾಗಿಯೇ ಅದರತ್ತ ತಳ್ಳುವ ರೂಢಿಗೆ ಒಪ್ಪಬಾರದು. ಹಣಕಾಸು, ರೈಲ್ವೆ, ಜಲಸಂಪನ್ಮೂಲ ಕೇಳಬೇಕು. ಕ್ಷೇತ್ರದ ಹೆಣ್ಣುಮಕ್ಕಳ ಬದುಕನ್ನು ನೀರಿನ ಕೊಳವೆ ಮತ್ತು ರೈಲಿನ ಸಮಯಪಟ್ಟಿ ಬದಲಿಸುವಷ್ಟು ಬೇರೆ ಯಾವುದೂ ಬದಲಿಸುವುದಿಲ್ಲ. ಧಾರವಾಡ ಉತ್ತರದಿಂದ 1962ರಿಂದ ಸತತ ನಾಲ್ಕು ಸಲ ಗೆದ್ದ ಸರೋಜಿನಿ ಮಹಿಷಿ ಅವರನ್ನು ಕನ್ನಡಿಗರು ಇಂದಿಗೂ ನೆನೆಯುವುದು, ಸಂಸತ್ತಿನದ್ದಲ್ಲದಿದ್ದರೂ, ರಾಜ್ಯ ಸರ್ಕಾರದ ಒಂದು ಸಮಿತಿಯ ವರದಿಯಿಂದಲೇ: ಕನ್ನಡಿಗರ ಉದ್ಯೋಗದ ಕುರಿತು 1986ರಲ್ಲಿ ಅವರು ಕೊಟ್ಟ ವರದಿ.

ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಸಂಸದರು ಶಿಫಾರಸು ಮಾಡಬಹುದು ಅಷ್ಟೇ, ಮಂಜೂರಾತಿ ಜಿಲ್ಲಾಡಳಿತದ್ದು. ಶೇ 15 ಪರಿಶಿಷ್ಟ ಜಾತಿ, ಶೇ 7.5 ಪರಿಶಿಷ್ಟ ಪಂಗಡದವರು ವಾಸಿಸುವ ಪ್ರದೇಶಗಳಿಗೆ ಶಿಫಾರಸು ಮಾಡಬೇಕು.

2023ರ ಕಾನೂನು ಏನು ಹೇಳುತ್ತದೆ

ಸಂಸತ್ತಿನಲ್ಲಿ ಮಹಿಳಾ ಮೀಸಲಾತಿಯ ಮೊದಲ ಮಸೂದೆ ಮಂಡನೆಯಾದದ್ದು 1996ರ ಸೆಪ್ಟೆಂಬರ್ 12ರಂದು, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. 2010ರಲ್ಲಿ ರಾಜ್ಯಸಭೆ ಮತ್ತೊಂದು ಮಸೂದೆಯನ್ನು ಒಪ್ಪಿತಾದರೂ ಅದು ಲೋಕಸಭೆಯಲ್ಲಿ ಮತಕ್ಕೇ ಬಾರದೆ ರದ್ದಾಯಿತು. ಕೊನೆಗೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆ 454–2 ಮತಗಳಿಂದ, ಮರುದಿನ ರಾಜ್ಯಸಭೆ 214–0 ಮತಗಳಿಂದ 106ನೇ ತಿದ್ದುಪಡಿಯನ್ನು ಅಂಗೀಕರಿಸಿದವು. 27 ವರ್ಷ ಕಾದ ಮೇಲೆ ಬಂದ ಈ ಒಮ್ಮತ ಸಣ್ಣದಲ್ಲ.

ಲೋಕಸಭೆ, ವಿಧಾನಸಭೆ ಮತ್ತು ದೆಹಲಿ ವಿಧಾನಸಭೆಯಲ್ಲಿ ಮೂರನೇ ಒಂದು ಭಾಗ, ಪರಿಶಿಷ್ಟ ಜಾತಿ–ಪಂಗಡದ ಮೀಸಲು ಸ್ಥಾನಗಳ ಒಳಗೂ ಅಷ್ಟೇ ಪಾಲು. ಕರ್ನಾಟಕದ ಈಗಿನ ಸಂಖ್ಯೆಗೆ ಲೆಕ್ಕ ಹಾಕಿದರೆ ವಿಧಾನಸಭೆಯಲ್ಲಿ 75ರ ಹತ್ತಿರ, ಲೋಕಸಭೆಯಲ್ಲಿ 9ರ ಹತ್ತಿರ. ಆದರೆ ಅಂಗೀಕಾರವಾದ ಪಠ್ಯದಲ್ಲಿ ಒಂದು ಷರತ್ತಿದೆ: ಕಾನೂನು ಜಾರಿಯಾದ ನಂತರ ನಡೆಯುವ ಮೊದಲ ಜನಗಣತಿಯ ಅಂಕಿ ಪ್ರಕಟವಾಗಬೇಕು, ಅದರ ಆಧಾರದ ಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು, ಆಮೇಲೆ ಮೀಸಲಾತಿ. ಅವಧಿ 15 ವರ್ಷ. ಮುಂದುವರಿಸಲು ಸಂಸತ್ತು ಮತ್ತೆ ಕಾನೂನು ಮಾಡಬೇಕು. ರಾಜ್ಯಸಭೆಗೂ ವಿಧಾನ ಪರಿಷತ್ತಿಗೂ ಇದು ಅನ್ವಯಿಸುವುದಿಲ್ಲ.

ಮೀಸಲು ಕ್ಷೇತ್ರಗಳು ಪ್ರತಿ ಮರುವಿಂಗಡಣೆಯ ನಂತರ ಬದಲಾಗುತ್ತವೆ. ಪಂಚಾಯಿತಿಯಲ್ಲಿ ಸರದಿ ಬದಲಾದಾಗ ಏನಾಗುತ್ತದೆ ಎಂದು ಊರೂರಿನಲ್ಲೂ ಕಂಡಿದ್ದೇವೆ: ಐದು ವರ್ಷ ದುಡಿದ ಸದಸ್ಯೆಯ ವಾರ್ಡ್ ‘ಸಾಮಾನ್ಯ’ವಾದ ಕೂಡಲೇ ‘ಈ ಸಲ ಗಂಡಸರಿಗೆ ಬಿಡಮ್ಮ’ ಎನ್ನುತ್ತಾರೆ. ಸಾಮಾನ್ಯ ಕ್ಷೇತ್ರವೆಂದರೆ ಗಂಡಸರ ಕ್ಷೇತ್ರ ಎಂದು ಯಾವ ಕಾಯ್ದೆಯಲ್ಲೂ ಬರೆದಿಲ್ಲ. 2024ರಲ್ಲಿ ಲೋಕಸಭೆಗೆ ಗೆದ್ದ 74 ಸಂಸದೆಯರಲ್ಲಿ ಒಬ್ಬರೂ ಮಹಿಳಾ ಮೀಸಲಿನಿಂದ ಬಂದವರಲ್ಲ.